ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು

ಅತ್ತಿಗೆ, ಅಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರಿಗೆ ಹೇಳಿದ್ದು ಸುಳ್ಳು. ನಿಮ್ಮ ಎದುರಲ್ಲೇ ಹೇಳಿದೆ. "ಇವರು ಎಷ್ಟು ಹೊತ್ತಿನ ತನಕ ಸರಿಯಾಗಿದ್ರು?" ಎಂದು ಅವರು ಕೇಳಿದಾಗ, "ಬೀಳೋ ತನಕ ಚೆನ್ನಾಗೇ ಇದ್ದ ಡಾಕ್ಟ್ರೇ" ಎಂದೆ. ಮುರಳಿ ಚೆನ್ನಾಗಿರಲಿಲ್ಲ. ಬೆಳಗಿನಿಂದಲೇ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಚಾಮರಾಜಪೇಟೆಯ ಆ ಹಾಲ್‌ನಲ್ಲಿ ಅವನು ಹಿಂದಿನ ದಿನದಿಂದ ಒಂದೇ ಸಮನೆ ಕ್ವಿಜ್ ನಡೆಸುತ್ತಿದ್ದ — ಎಲ್ಲರಿಗಿಂತ ಹೆಚ್ಚು ಹೊತ್ತು ಕ್ವಿಜ್ ನಡೆಸಿದವನೆಂಬ ವಿಶ್ವದಾಖಲೆಗಾಗಿ. ಸಮಯ ನೋಡಿಕೊಳ್ಳುವ ಕೆಲಸ ನನ್ನದು. ನಿಗದಿಯಾದ ವಿರಾಮ ಬಿಟ್ಟು ಬೇರೆ ಯಾವಾಗ ನಾನು ಸ್ಟಾಪ್‌ವಾಚ್ ನಿಲ್ಲಿಸಿದರೂ ದಾಖಲೆಯ ಆಸೆ ಅಲ್ಲಿಗೆ ಮುಗಿದಂತೆ.

ಬೆಳಗಿನ ಉಪ್ಪಿಟ್ಟು ಮುಗಿಸಿ ಕೂತ ಸ್ವಲ್ಪ ಹೊತ್ತಿಗೆ, ರಾಜ್ಯಸಭೆಯ ಸಭಾಪತಿ ಯಾರಾಗಿರುತ್ತಾರೆ ಎಂದು ಕೇಳಿದ. ಮುಂದಿನ ಸಾಲಿನಿಂದ ಯಾರೋ "ಲೋಕಸಭೆ ಸ್ಪೀಕರ್" ಎಂದರು. "ಸರಿ!" ಎಂದ ಮುರಳಿ. ರಾಜ್ಯಶಾಸ್ತ್ರ ಪಾಠ ಮಾಡುವ ಮುರಳಿ! ಉಪರಾಷ್ಟ್ರಪತಿ ಎಂಬ ಉತ್ತರ ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ನಮ್ಮ ಕ್ವಿಜ್ ಕೂಟದಲ್ಲಿ ಮೊದಲಿನಿಂದಲೂ ಒಂದು ಕಟ್ಟುಪಾಡು — ಕ್ವಿಜ್‌ಮಾಸ್ಟರ್ ಹೇಳಿದ್ದೇ ಕೊನೆ, ವಾದ ಮಾಡುವಂತಿಲ್ಲ. "ಗುರು, ಮುರಳಿ ಮೇಷ್ಟ್ರು ಕೂತಲ್ಲೇ ಸಂವಿಧಾನ ತಿದ್ಬಿಟ್ರು!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಮುರಳಿಯೂ ನಕ್ಕ — ಬಾಯಿಯ ಬಲಭಾಗ ಮಾತ್ರ ನಗಲಿಲ್ಲ.

ಆಮೇಲೆ ಪದಗಳಾಟದ ಸುತ್ತು. ತಿರುಗಿಸಿ ಓದಿದರೂ ಒಂದೇ ಆಗುವ ಪದ ಕೇಳಿದ, "ಕನಕ" ಎಂದರು. ಸರಿಯುತ್ತರಕ್ಕೆ ಬಾರಿಸುವ ಗಂಟೆ ಅವನ ಬಲಗೈ ಪಕ್ಕದಲ್ಲೇ ಇತ್ತು. ಅವನು ಎಡಗೈಯನ್ನು ಅಷ್ಟು ದೂರ ಚಾಚಿ ಬಾರಿಸಿದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಬೇರೆ ಯಾರದೋ ಕೈಯ ಹಾಗೆ.

ಬಗ್ಗಿ ಕೇಳಿದೆ: "ಮಗಾ, ನಿಲ್ಲಿಸ್ಲಾ?"

ಅವನು ನನ್ನನ್ನು ನೋಡಿದ. ಮುಂದಿನ ಪ್ರಶ್ನೆಯ ಚೀಟಿ ಎತ್ತಿಕೊಂಡ. ಅದನ್ನು ಬೇಡವೆಂದು ಅರ್ಥ ಮಾಡಿಕೊಂಡೆ — ಅಲ್ಲ, ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಬೇಕಾಗಿತ್ತು. ಸಂಜೆಯವರೆಗೆ ಎಳೆದರೆ ದಾಖಲೆ ನಮ್ಮದು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ.

ಮಧ್ಯಾಹ್ನದ ಊಟವೂ ಆಗಿ ಎಷ್ಟೋ ಹೊತ್ತಾದ ಮೇಲೆ ಅವನು ಕುರ್ಚಿಯಿಂದ ಜಾರಿದ.

ಡಾಕ್ಟರು ಸುಮ್ಮನೆ ಕೇಳಿರಲಿಲ್ಲ. ಪಾರ್ಶ್ವವಾಯು ಬಡಿದು ತಡವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವಂತಿಲ್ಲ, ಮಿದುಳಿನಲ್ಲಿ ರಕ್ತ ಸೋರಬಹುದು ಎಂದು ಬಿಡಿಸಿ ಹೇಳಿಯೇ ಕೇಳಿದರು. ಬೆಳಿಗ್ಗೆಯಿಂದಲೇ ಸರಿಯಿರಲಿಲ್ಲ ಎಂದರೆ, ಮತ್ತೆ ನೀನು ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳುತ್ತೀರಿ — ಆ ಹೊತ್ತಿನಲ್ಲಿ ನನಗೆ ಅದೊಂದೇ ಭಯ. ಅವನು ಸಾಯಬಹುದೆಂಬ ಭಯಕ್ಕಿಂತ ದೊಡ್ಡ ಭಯ. ನನ್ನ ಮಾತು ನಂಬಿ ಇಂಜೆಕ್ಷನ್ ಕೊಟ್ಟರು. ಅದೇ ಸಂಜೆ ಮಿದುಳಿನಲ್ಲಿ ರಕ್ತ ಸೋರಿತು, ಅವನ ಮಾತು ಹೋಯಿತು.

ನಿಜ ಹೇಳಿದ್ದರೂ ಅವನ ಮಾತು ಉಳಿಯುತ್ತಿರಲಿಲ್ಲವೇನೋ. ಆ 'ಏನೋ'ದ ಹಿಂದೆ ಇಷ್ಟು ವರ್ಷ ಅಡಗಿದ್ದೆ.

ಮಲ್ಲೇಶ್ವರದ ನಿಮ್ಮ ಮನೆಗೆ ಬಂದಾಗಲೆಲ್ಲ ನೀವು ಕಾಫಿ ಕೊಟ್ಟು, "ಸತೀಶ್ ಇದ್ದಿದ್ದಕ್ಕೆ ಇವ್ರು ಉಳಿದ್ರು" ಎಂದು ಬಂದವರಿಗೆ ಹೇಳುತ್ತೀರಿ. ಮುರಳಿ ಕೇಳಿಸಿಕೊಳ್ಳುತ್ತಾನೆ. ಅವನ ಮಾತು ಹೋಗಿದೆ ಅತ್ತಿಗೆ, ನೆನಪು ಹೋಗಿಲ್ಲ.

ನಾಳೆ ಬರುತ್ತೇನೆ. ಇದಿಷ್ಟನ್ನೂ ಅವನ ಎದುರಿಗೇ, ಬಾಯಿಬಿಟ್ಟು ಹೇಳುತ್ತೇನೆ. ಕಾಫಿಗೆ ಇಡಬೇಡಿ.