ಅರೆಕೆರೆಯ ತೊಟ್ಟಿಯವರೆಗೆ

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಹನುಮಂತನಗರದ ಮನೆ ಬಿಟ್ಟೆ. ಯಜಮಾನರು ಜಯಕುಮಾರ್ ತೀರಿಕೊಂಡು ಎರಡು ತಿಂಗಳಾಗಿತ್ತು. ಬಾಗಿಲ ಬಳಿ ಕೂತಿದ್ದ ಅತ್ತೆ, "ಜಗಳ ಮಾಡ್ಕೊಂಡ್ ಬರ್ಬೇಡ. ಮುಳುಗಿದ್ನೋ ಇಲ್ವೋ, ಅಷ್ಟು ಕೇಳ್ಕೊಂಡ್ ಬಾ" ಅಂದರು.

ನಮ್ಮದು ಮೂರು ತಲೆಮಾರಿನ ಕನ್ನಡ ಕ್ರೈಸ್ತ ಕುಟುಂಬ. ನಮ್ಮ ಹಳೆಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕೂಸಿನ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ಯಜಮಾನರಿಗೂ ಹಾಗೆಯೇ ಆಗಿತ್ತು, ಅತ್ತೆಯೇ ಎತ್ತಿಕೊಂಡು ನಿಂತಿದ್ದರು. ಅರೆಕೆರೆಯ ಹೊಸ ಸಭೆಯವರು ಅದನ್ನು ಒಪ್ಪುವುದಿಲ್ಲ. ದೊಡ್ಡವರಾದ ಮೇಲೆ ಪೂರ್ತಿ ಮುಳುಗಿ ಎದ್ದರೆ ಮಾತ್ರ ದೀಕ್ಷೆ ಅನ್ನುತ್ತಾರೆ. ಕೊನೆಯ ವರ್ಷ ಯಜಮಾನರು ಭಾನುವಾರ ಸಂಜೆ ಅಲ್ಲಿಗೆ ಹೋಗುತ್ತಿದ್ದರು. ಕೇಳಿದರೆ, "ಹಾಡು ಚೆನ್ನಾಗಿರುತ್ತೆ" ಅನ್ನುತ್ತಿದ್ದರು. ಮಣ್ಣು ಮಾಡಿದ ದಿನ ಅಲ್ಲಿಯ ಪಾಸ್ಟರು ಬಂದು, "ನಮ್ಮ ಸಭೆಯಲ್ಲಿ ದೀಕ್ಷೆ ತಗೊಂಡ ಬ್ರದರ್" ಎಂದು ಯಾರಿಗೋ ಹೇಳಿದ್ದು ಅತ್ತೆಗೆ ಕೇಳಿಸಿತ್ತು. ಅದು ನಿಜವಾದರೆ ತಾನು ಮಾಡಿಸಿದ್ದನ್ನು ಮಗ ಸುಳ್ಳು ಅಂದ ಹಾಗೆ ಎಂದು ಅಂದಿನಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ನನಗೆ ಅನುಮಾನವಿದ್ದದ್ದು ಪಾಸ್ಟರ ಮೇಲೆ. ಸತ್ತವರು ಎದ್ದು ಬಂದು ಅಲ್ಲಗಳೆಯುವುದಿಲ್ಲವಲ್ಲ.

ಆಟೋದವನು ಮುನ್ನೂರು ಕೇಳಿದ. ಬಸ್ಸು ಹತ್ತಿದೆ. ಹೆಂಗಸರ ಟಿಕೆಟ್ಟಿನ ಮೇಲೆ ಸೊನ್ನೆ. ಬನಶಂಕರಿಯಲ್ಲಿ ಇಳಿದು ಎರಡು ಇಡ್ಲಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆಗೆ ಬರುವ ಹೊತ್ತಿಗೆ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಮೆಟ್ರೋ ಕಂಬಗಳ ಕೆಳಗೆ ಬಸ್ಸು ತೆವಳಿತು.

ಸಭೆಯ ಎದುರಿನ ಅಂಗಡಿಯಲ್ಲಿ ಟೀ ಕುಡಿದೆ. ಅಂಗಡಿಯವನೇ ಸಭೆ ಇರುವ ಜಾಗದ ಮಾಲೀಕ.

"ನಮ್ಮಪ್ಪ ಅಲ್ಲಿ ಹಸು ಕಟ್ತಿದ್ರು ಆಂಟಿ. ಮೊದ್ಲು ಶೀಟ್ ಹಾಕ್ಕೊಂಡು ಹತ್ತ್ ಜನ ಹಾಡ್ಕೊಂತಿದ್ರು. ಈಗ ನೋಡಿ, ನನ್ ಗಾಡಿ ನಿಲ್ಸಕ್ಕೇ ಜಾಗ ಇಲ್ಲ."

"ಇಷ್ಟು ಜನ ಎಲ್ಲಿಂದ ಬಂದ್ರಪ್ಪ?"

"ಪಿಜಿ ಹುಡ್ಗೀರು, ನೇಪಾಳಿ ಸೆಕ್ಯೂರಿಟಿಗಳು, ಮನೆಗೆಲ್ಸದೋರು. ಊರಲ್ಲಿ ನಮ್ಮೋರು ಅಂತ ಯಾರೂ ಇಲ್ದೋರೇ ಜಾಸ್ತಿ. ಊಟಾನೂ ಹಾಕ್ತಾರೆ. ನಮ್ಮನೇವ್ಳು ಬಿರ್ಯಾನಿ ದಿನ ಮಾತ್ರ ಭಕ್ತೆ!" ಎಂದು ನಕ್ಕ.

ಬಾಗಿಲಲ್ಲೇ ಒಬ್ಬಳು ಹುಡುಗಿ ಹಿಡಿದುಕೊಂಡಳು. "ಫಸ್ಟ್ ಟೈಮಾ ಆಂಟಿ? ನಂಬರ್ ಹೇಳಿ, ಪ್ರೇಯರ್ ಗ್ರೂಪಿಗೆ ಹಾಕ್ತೀನಿ." ನನ್ನ ಹತ್ತಿರ ಫೋನಿಲ್ಲಮ್ಮ ಅಂದೆ. ಫೋನು ಚೀಲದಲ್ಲೇ ಇತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ತಮಿಳಿನ ಆರಾಧನೆ ಮುಗಿದು ಕನ್ನಡದ್ದು ಶುರುವಾಗುತ್ತಿತ್ತು, ಆಮೇಲೆ ಹಿಂದಿಯದು. ಹೊಸದಾಗಿ ಬಂದವರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆದರು. ನಾನು ಎದ್ದು ನಿಲ್ಲಲಿಲ್ಲ. ಜನ ಹೆಚ್ಚಿದ್ದಾರೆಂದು ತೋರಿಸಲು ನಮ್ಮವರನ್ನೂ ಹೀಗೇ ಸೇರಿಸಿಕೊಂಡಿರಬೇಕು ಎಂದು ಮನಸ್ಸು ಕುದಿಯುತ್ತಿತ್ತು.

ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ ಜಯಕುಮಾರ್ ಅವರ ಹೆಂಡತಿ ನಾನು ಎಂದು ಹೇಳಿ, ದೀಕ್ಷೆಯ ವಿಷಯ ಕೇಳಿದೆ. ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮೂವತ್ತೈದರ ಆಸುಪಾಸಿನ ಮನುಷ್ಯ. ಅಲ್ಲಿ ನೀಲಿ ಟೈಲ್ಸಿನ ಒಂದು ತೊಟ್ಟಿ, ಇಳಿಯಲು ಮೆಟ್ಟಿಲು.

"ಇಲ್ಲೇ ಅಮ್ಮ. ಜುಲೈನಲ್ಲಿ. ಅವತ್ತು ಮಳೆ."

"ತಲೆ ಪೂರ್ತಿ ಮುಳುಗ್ತಾ?"

"ಪೂರ್ತಿ."

ಪಾಸ್ಟರು ಸಿಕ್ಕಿಬಿದ್ದರು ಅಂದುಕೊಂಡೆ. ಯಜಮಾನರ ಒಂದು ಕಿವಿಯ ತಮಟೆ ಚಿಕ್ಕಂದಿನಲ್ಲೇ ತೂತಾಗಿತ್ತು. ತಲೆಗೆ ಸ್ನಾನ ಮಾಡುವಾಗಲೂ ಆ ಕಿವಿಗೆ ನೀರು ಸೋಕಿಸುತ್ತಿರಲಿಲ್ಲ. "ಹಾಗಾದ್ರೆ ಕಿವಿ ನೋವು ಅಂತ ಒದ್ದಾಡಿರ್ಬೇಕಲ್ಲ?" ಎಂದು ಕೇಳಿದೆ.

"ಎಡಗಿವಿ ಅಲ್ವಾ? ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅವ್ರೇ ತಂದಿದ್ರು. ಮೇಲಿಂದ ನಾನೂ ಒತ್ತಿ ಹಿಡ್ಕೊಂಡಿದ್ದೆ. 'ನೀರು ಹೋದ್ರೆ ಮನೇಲಿ ಇಬ್ರು ಹೆಂಗಸ್ರು ಸೇರಿ ನನ್ನ ಇನ್ನೊಂದ್ಸಲ ಮುಳುಗಿಸ್ತಾರೆ' ಅಂದ್ರು."

ಅದು ಅವರದೇ ಮಾತು. ಬೇರೆ ಯಾರೂ ಕಟ್ಟಿ ಹೇಳಲಾರರು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನಮಗ್ಯಾಕೆ ಹೇಳ್ಲಿಲ್ಲ?"

"'ನಮ್ಮಮ್ಮ ಇರೋವರೆಗೂ ಬೇಡ, ಆಮೇಲೆ ಹೆಂಡ್ತಿಗೆ ಹೇಳ್ತೀನಿ' ಅಂದ್ರು. ಅವ್ರೇ ಮೊದ್ಲು ಹೋಗ್ಬಿಟ್ರು." ನಾನು ಎದ್ದಾಗ, "ಮುಂದಿನ್ ವಾರಾನೂ ಬನ್ನಿ ಅಮ್ಮ, ನೀವೂ ನಮ್ಮೋರೇ" ಅಂದರು.

ಮರುಗಿ ಕರೆದರೋ, ಸೇರಿಸಿಕೊಳ್ಳಲು ಕರೆದರೋ, ಇವತ್ತಿಗೂ ಗೊತ್ತಿಲ್ಲ. ಊಟಕ್ಕೆ ನಿಲ್ಲದೆ ಹೊರಟೆ. ತಿರುಗಿ ನೋಡಿದಾಗ ಹಿಂದಿಯವರು ಒಳಗೆ ಹೋಗುತ್ತಿದ್ದರು, ಸಾಲು ಬೀದಿಯ ತಿರುವಿನವರೆಗೂ ಇತ್ತು.

ಬಸ್ಸಿನಲ್ಲಿ ಕೂತು, ಮುಳುಗಲಿಲ್ಲವಂತೆ ಎಂದು ಹೇಳಿಬಿಡುವುದೆಂದು ತೀರ್ಮಾನ ಮಾಡಿಕೊಂಡೆ. ಮನೆಗೆ ಬಂದಾಗ ಅತ್ತೆ ನನ್ನ ಮುಖವನ್ನೇ ನೋಡಿದರು. ಸುಳ್ಳು ಬಾಯಿಗೆ ಬರಲಿಲ್ಲ.

"ಮುಳುಗಿದ್ರಂತೆ ಅತ್ತೆ. ಜುಲೈನಲ್ಲಿ. ಕಿವಿಗೆ ಹತ್ತಿ ಇಟ್ಕೊಂಡೇ ಹೋಗಿದ್ರಂತೆ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಮಳೆಗಾಲದಲ್ಲಾ? ನೀರು ಕಾಯಿಸಿದ್ರಂತಾ?"

ಅದನ್ನು ನಾನು ಕೇಳಿರಲಿಲ್ಲ.