ಚಂದ್ರಿಕೆಯ ಮೇಲಿನ ಕಲೆ

ಬೂದಿಗೆರೆ ರಸ್ತೆಯ ಹೊಸ ಹೋಟೆಲಿನ ಗೋಡೆಗೆ ಅಂದಕ್ಕೆಂದು ಹಳೆಯ ಚಂದ್ರಿಕೆಯೊಂದನ್ನು ನೇತುಹಾಕಿದ್ದರು. ರೇಷ್ಮೆಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಯ ಮೇಲೆ ಕಂದು ಕಲೆಗಳಿದ್ದವು. ಚಿಟ್ಟೆ ಹೊರಬರುವಾಗ ಬಿಡುವ ಕಲೆ ಅದು. ನಾನು ಅದನ್ನೇ ನೋಡುತ್ತಾ ನಿಂತೆ.

ತಾತ ತೀರಿಕೊಂಡಾಗ ನಮ್ಮ ಹುಳುಗಳು ಆಗಷ್ಟೇ ಗೂಡು ಕಟ್ಟಿದ್ದವು. ಸೂತಕದ ಮನೆಯಲ್ಲಿ ಯಾರೂ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಒಯ್ಯಲಿಲ್ಲ. ತಿಥಿ ಮುಗಿಸಿ ಹುಳುಮನೆಯ ಬಾಗಿಲು ತೆಗೆದರೆ, ಗೂಡುಗಳನ್ನು ತೂತು ಮಾಡಿಕೊಂಡು ಬಿಳಿ ಚಿಟ್ಟೆಗಳು ಹೊರಬಂದಿದ್ದವು. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಬೆಳೆ ಪೂರ್ತಿ ಹೋಗಿತ್ತು. ದಪ್ಪ ಹೊಟ್ಟೆಯ ಹೆಣ್ಣುಗಳು ಕದಲದೆ ಕೂತಿದ್ದರೆ, ಗಂಡುಗಳು ರೆಕ್ಕೆ ಬಡಿಯುತ್ತಾ ಅವುಗಳ ಸುತ್ತ ತಿರುಗುತ್ತಿದ್ದವು. ಕೆಲವು ಆಗಲೇ ಕೂಡಿಕೊಂಡಿದ್ದವು.

ಅಪ್ಪ ಪೊರಕೆ ಎತ್ತಿಕೊಂಡರು. ಅಜ್ಜಿ ತಡೆದರು.

"ಬಿಡಪ್ಪಾ. ಅವುಕ್ಕೆ ತಿನ್ನೋಕೆ ಬಾಯೂ ಇಲ್ಲ. ಜೋಡಿ ಆಗೋಕೆ ಅಂತ್ಲೇ ನಾಕು ದಿನ ಬಂದಿರೋವು."

ಸಂಜೆಯಾದರೂ ಜೋಡಿ ಸಿಗದ ಒಂದು ಗಂಡು ರೆಕ್ಕೆ ಬಡಿಯುತ್ತಲೇ ಇತ್ತು. ಅಜ್ಜಿ ಅದನ್ನು ತಮ್ಮ ಬಳೆಯಿಲ್ಲದ ಕೈಯ ಮೇಲೆ ಬಿಟ್ಟುಕೊಂಡು ಕೂತರು.

"ಕಲೆ ಕಾಣುತ್ತಲ್ವಾ ಮೇಡಂ? ಪೇಂಟ್ ಹೊಡೆಸ್ಬಿಡ್ತೀವಿ," ಎಂದರು ಹೋಟೆಲಿನವರು.

"ಬಿಡಪ್ಪಾ," ಎಂದೆ. "ಇರ್ಲಿ ಅದು."