ಮಡ್‌ಗಾರ್ಡ್ ಕೆಳಗಿನ ಮಣ್ಣು

ಅವತ್ತು ಮುಂದಿನ ಚಕ್ರ ತಿರುಗುತ್ತಿರಲಿಲ್ಲ. ತಿರುಗುತ್ತಿತ್ತು ಎಂದು ನಾನು ಸಲೀಂ ಭಾಯ್‌ಗೆ ಹೇಳಿದೆ. ಅವರು ನನ್ನ ಮಾತು ನಂಬಿದರು, ತಮ್ಮ ಕೈಗಳನ್ನು ನಂಬುವುದು ಬಿಟ್ಟರು. ಅದನ್ನೆಲ್ಲ ಹತ್ತಿರದಿಂದ ನೋಡುತ್ತ, ಅವರ ಮನೆಯ ಊಟ ಉಣ್ಣುತ್ತ, ವರ್ಷಗಟ್ಟಲೆ ನಾನು ಸುಮ್ಮನಿದ್ದೆ.

ಹೇಗೆ ಹೇಳಿದರೂ ಇದು ಚಿಕ್ಕದಾಗುವುದಿಲ್ಲ. ನಡೆದ ಹಾಗೆಯೇ ಬರೆಯುತ್ತೇನೆ.

ಸಲೀಂ ಭಾಯ್ ವಿಜಯಪುರದವರು, ನಾನು ಮೈಸೂರಿನವನು. ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಮನೆಗಳು ಒಂದೇ ಸಾಲಿನಲ್ಲಿದ್ದವು. ಅವರು ಸರಕು ಸಾಗಣೆಯ ಕಂಪನಿಯೊಂದರಲ್ಲಿ ಮ್ಯಾನೇಜರ್. ನಾನು ಸಾಫ್ಟ್‌ವೇರ್ ಕೆಲಸಕ್ಕೆ ವರ್ಕ್ ಪರ್ಮಿಟ್ ಮೇಲೆ ಬಂದವನು. ವಯಸ್ಸಿನಲ್ಲಿ ಭಾಯ್ ನನಗಿಂತ ಸಾಕಷ್ಟು ಹಿರಿಯರು. ಒಬ್ಬನೇ ಇದ್ದ ನನ್ನನ್ನು ಅವರೂ ಅವರ ಹೆಂಡತಿ ನಸ್ರೀನ್ ಭಾಭಿಯೂ ಮನೆಯ ಹುಡುಗನ ಹಾಗೆ ನೋಡಿಕೊಂಡರು. ಮಗಳು ಝೋಯಾ ಆಗ ಶಾಲೆಗೆ ಹೋಗುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅರ್ಥ ಮಾಡಿಕೊಂಡು ಅಪ್ಪಟ ಕಾರ್ಕ್ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು.

ಕೋವಿಡ್ ಬರುವ ಮುಂಚಿನ ಚಳಿಗಾಲದಲ್ಲಿ ಭಾಯ್ ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡರು. ನೂರಿಪ್ಪತ್ತೈದು ಸಿಸಿಯ ಪುಟ್ಟ ಗಾಡಿ, ನಾನು ಹುಟ್ಟುವುದಕ್ಕೂ ಮುಂಚಿನದು. ಊರಾಚೆ ಡೋನಲ್ ಎಂಬ ರೈತನ ಹುಲ್ಲಿನ ಶೆಡ್ಡಿನಲ್ಲಿ ಕೋಳಿಗಳ ಹಿಕ್ಕೆ ಹೊತ್ತು ನಿಂತಿತ್ತು. ಅದನ್ನು ಉಜ್ಜಿ, ಕಾರ್ಬುರೇಟರ್ ಬಿಚ್ಚಿ, ಮೊದಲ ಸಲ ಸ್ಟಾರ್ಟ್ ಮಾಡಿದಾಗ ಭಾಯ್ ಮುಖ ನೋಡಬೇಕಿತ್ತು. ಹರೆಯದಲ್ಲಿ ಅವರು ತಮ್ಮ ತಂದೆಯ ಬಟ್ಟೆ ಅಂಗಡಿಯ ಗಂಟುಗಳನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಇಂಡಿ, ಸಿಂದಗಿ ಕಡೆಯ ಸಂತೆಗಳಿಗೆ ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಕೂಡ. ಒಂದು ದಿನವೂ ಬಿದ್ದವರಲ್ಲ. ತಮ್ಮ ಬಗ್ಗೆ ಬೇರೆ ಏನನ್ನೂ ಕೊಚ್ಚಿಕೊಳ್ಳದ ಮನುಷ್ಯ, ಇದೊಂದನ್ನು ಮಾತ್ರ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಎಲ್ಲ ಮುಚ್ಚಿತು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂದು ನಿಯಮ ಬಂತು. ನಮ್ಮ ಐದು ಕಿಲೋಮೀಟರಿನೊಳಗೆ ಇದ್ದದ್ದು ಹೆಚ್ಚಾಗಿ ಹೊಲಗಳ ನಡುವಿನ ಸಣ್ಣ ದಾರಿಗಳು. ಮಧ್ಯೆ ಹುಲ್ಲು, ಎರಡು ಬದಿ ಟ್ರ್ಯಾಕ್ಟರಿನ ಜಾಡು, ಅಲ್ಲಲ್ಲಿ ಸಗಣಿ. ಹಳೆಯ ರೋಡ್ ಟೈರಿನಲ್ಲಿ ಗಾಡಿ ಅಲ್ಲಿ ಸಾಬೂನಿನ ಮೇಲೆ ಹೋದಂತೆ ಜಾರುತ್ತಿತ್ತು. ಡ್ಯುಯಲ್ ಸ್ಪೋರ್ಟ್ ಟೈರ್ ಹಾಕೋಣ ಎಂದವನು ನಾನು. ಟಾರು ರಸ್ತೆಗೂ ಮಣ್ಣಿನ ದಾರಿಗೂ ಆಗುವ, ಬಟನ್‌ಗಳಂಥ ಉಬ್ಬುಗಳಿರುವ ಟೈರು. ಮೈಸೂರಿನಲ್ಲಿ ಗೆಳೆಯರ ಜೊತೆ ಮಣ್ಣಿನ ರೇಸುಗಳಿಗೆ ಗಾಡಿ ಸಿದ್ಧ ಮಾಡಿದ್ದೇನೆ ಎಂದಿದ್ದೆ. ನಿಜವೆಂದರೆ, ಅಂಥ ಗೆಳೆಯರ ಪಕ್ಕ ನಿಂತು ಸ್ಪ್ಯಾನರ್ ಕೊಟ್ಟಿದ್ದೆ, ಅಷ್ಟೆ.

ಆರ್ಡರ್ ಮಾಡಿದವನೂ ನಾನೇ. ಹಿಂದಿನ ಚಕ್ರಕ್ಕೆ ಸರಿಯಾದ ಅಳತೆಯದು ಸಿಕ್ಕಿತು. ಮುಂದಿನದು ಎಲ್ಲೂ ಸ್ಟಾಕ್ ಇರಲಿಲ್ಲ. ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಒಂದು ಸೈಜ್ ದೊಡ್ಡದು ಇತ್ತು. ತರಿಸಿದೆ. ಭಾಯ್‌ಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ — ಹೇಳಿದ್ದರೆ ಬೈಯುವವರೇನೂ ಅಲ್ಲ. ಕಾಯೋಣ ಬಿಡು ಎನ್ನುತ್ತಿದ್ದರು. ನನಗೆ ಕಾಯುವುದು ಬೇಡವಾಗಿತ್ತು. ಎಲ್ಲಾ ಗೊತ್ತಿರುವವನು ಅನ್ನಿಸಿಕೊಂಡಿದ್ದೆನಲ್ಲ, ಆ ಹೆಸರು ಉಳಿಯಬೇಕಿತ್ತು.

ಅವರ ಹಿತ್ತಿಲಿನಲ್ಲಿ, ಇಬ್ಬರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಚಕ್ರಗಳನ್ನು ಬಿಚ್ಚಿದೆವು. ಹಳೆಯ ಟೈರು ರಿಮ್ಮಿಗೆ ಅಂಟಿಕೊಂಡು ಮರದ ಹಾಗಾಗಿತ್ತು. ಭಾಯ್ ಅದರ ಮೇಲೆ ಬೂಟುಗಾಲಿನಲ್ಲಿ ನಿಂತು ತುಳಿದು ಸಡಿಲಿಸಿದರು. ಟ್ಯೂಬಿಗೆ ಭಾಭಿಯ ಪೌಡರ್ ಸವರಿದರು, ಅಂಚಿಗೆ ಪಾತ್ರೆ ತೊಳೆಯುವ ಸೋಪಿನ ನೀರು. ಕೊನೆಯ ಗೇಣಿನಷ್ಟು ಅಂಚು ಒಳಗೆ ಕೂರುವಾಗ ಟೈರು ಮೀಟುವ ಕಬ್ಬಿಣದ ಲಿವರ್ ಟ್ಯೂಬನ್ನು ಕಚ್ಚದ ಹಾಗೆ ಅವರು ಹಿಡಿದ ರೀತಿ, ಅಷ್ಟು ಮೆತ್ತಗಿನ ಕೈ ನಾನು ನೋಡಿಲ್ಲ. ಆ ಕೈಗಳ ಬಗ್ಗೆಯೇ ನಾನು ಮುಂದೆ ಸುಳ್ಳು ಹೇಳಿದ್ದು.

ಚಕ್ರ ಗಾಡಿಗೆ ಕೂರಿಸಿದಾಗ ನನಗೆ ಕಂಡಿತು. ಹಳೆಯ ಕಾಲದ ಕಬ್ಬಿಣದ ಮಡ್‌ಗಾರ್ಡ್, ಚಕ್ರಕ್ಕೆ ತೀರಾ ಹತ್ತಿರ. ಅದಕ್ಕೂ ಹೊಸ ಟೈರಿನ ಉಬ್ಬುಗಳಿಗೂ ನಡುವೆ ಕಿರುಬೆರಳು ಕೂಡ ಹಿಡಿಸುತ್ತಿರಲಿಲ್ಲ. ಭಾಯ್ ಕೈ ತೊಳೆಯಲು ಒಳಗೆ ಹೋದಾಗ ಮಡ್‌ಗಾರ್ಡನ್ನು ಮೇಲಕ್ಕೆ ಒತ್ತಿ ಸ್ವಲ್ಪ ಬಗ್ಗಿಸಿದೆ. ಮೊದಲು ನಾನೇ ಟೆಸ್ಟ್ ಮಾಡುತ್ತೇನೆಂದು ಗಾಡಿ ತೆಗೆದುಕೊಂಡು ಹೊರಟೆ. ಆ ವಸಂತದಲ್ಲಿ ಐರ್ಲೆಂಡಿನಲ್ಲಿ ಯಾರೂ ನಂಬದಷ್ಟು ಬಿಸಿಲು. ದಾರಿಗಳು ಒಣಗಿ ಧೂಳೆದ್ದಿದ್ದವು. ಗಾಡಿ ಚೆನ್ನಾಗಿಯೇ ಓಡಿತು. ಜಲ್ಲಿಯ ಮೇಲೆ ಹಿಡಿತವಿತ್ತು, ಹುಲ್ಲಿನ ಮೇಲೆ ಜಾರಲಿಲ್ಲ. ಒಂದು ಗುಂಡಿಗೆ ಇಳಿದಾಗ ಮಾತ್ರ ಮುಂದೆ ಸರ್ರೆಂದು ಉಜ್ಜಿದ ಸದ್ದು. ನಿಲ್ಲಿಸಿ ನೋಡಿದೆ. ಒದ್ದೆ ಮಣ್ಣಿನಲ್ಲಿ ಹೋದರೆ ಈ ಸಂದಿಯಲ್ಲಿ ಮಣ್ಣು ಮೆತ್ತಿಕೊಳ್ಳುತ್ತದೆ ಎಂಬ ಯೋಚನೆ ಬಂತು. ಬರಲಿಲ್ಲ ಎಂದು ಈಗ ಹೇಳಲಾರೆ. ಬಂದಿತ್ತು.

ವಾಪಸ್ ಬಂದಾಗ ಭಾಯ್ ಗೇಟಿನಲ್ಲಿ ಕಾಯುತ್ತಿದ್ದರು.

"ಗ್ರ್ಯಾಂಡ್ ಆಗಿದೆ ಭಾಯ್, ಓಡಿಸಿ" ಎಂದೆ.

ಕೆಲವು ವಾರ ಓಡಿಸಿದರು. ಒಣ ದಾರಿಯಲ್ಲಿ ಏನೂ ಆಗಲಿಲ್ಲ, ನನ್ನ ಅಳುಕೂ ಕರಗಿತು. ಅಷ್ಟರಲ್ಲಿ ನಿಯಮ ಸಡಿಲವಾಗಿ ಜಿಲ್ಲೆಯೊಳಗೆಲ್ಲ ಓಡಾಡಬಹುದಾಯಿತು, ಮಳೆಯೂ ಬಂತು. ಒಂದು ಭಾನುವಾರ ಭಾಯ್ ಗಾಡಿಯನ್ನು ಡೋನಲ್‌ಗೆ ತೋರಿಸಬೇಕೆಂದರು. ನಾನು ನನ್ನ ಕಾರಿನಲ್ಲಿ ಹಿಂದೆ ಹೋದೆ. ಡೋನಲ್‌ನ ಹೊಲದ ದಾರಿ ಇಳಿಜಾರಾಗಿತ್ತು, ಹಸುಗಳು ತುಳಿದು ಕೆಸರಾಗಿತ್ತು. ಅವರು ನಿಧಾನಕ್ಕೇ ಇಳಿಯುತ್ತಿದ್ದರು. ಮುಂದಿನ ಚಕ್ರ ಒಮ್ಮೆಗೇ ನಿಂತಿತು — ಯಾರೋ ಕಡ್ಡಿ ತೂರಿಸಿದ ಹಾಗೆ. ಭಾಯ್ ಹ್ಯಾಂಡಲ್ ಮೇಲಿಂದ ಹಾರಿ ಕಲ್ಲಿನ ಗೋಡೆಯ ಬುಡಕ್ಕೆ ಬಿದ್ದರು.

ನಾನು ಓಡಿದೆ. ಅವರ ಬಲಗೈ ಮಣಿಕಟ್ಟಿನ ಹತ್ತಿರ ಬೇರೆಯೇ ದಿಕ್ಕಿಗೆ ತಿರುಗಿತ್ತು, ಭುಜ ಅಲುಗಾಡಿಸಲು ಆಗುತ್ತಿರಲಿಲ್ಲ. ಡೋನಲ್ ಶೆಡ್ಡಿನಿಂದ ಬಂದ. ಯಾರೂ ಯಾರನ್ನೂ ಮುಟ್ಟದ ದಿನಗಳು ಅವು. ಆತ ಕತ್ತಿನ ಕರವಸ್ತ್ರವನ್ನು ಮೂಗಿನ ಮೇಲೆ ಎಳೆದುಕೊಂಡು, ತನ್ನ ಕೋಟು ಬಿಚ್ಚಿ ಭಾಯ್ ಮೇಲೆ ಹೊದಿಸಿ, ಕೆಸರಿನಲ್ಲೇ ಕುಳಿತು ಅವರ ಎಡಗೈ ಹಿಡಿದುಕೊಂಡ. ನಾನು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಆಮೇಲೆ ದಾರಿಯಲ್ಲಿ ಅಡ್ಡ ಬಿದ್ದಿದ್ದ ಗಾಡಿ ಎತ್ತಿದೆ. ತಳ್ಳಿದರೆ ಮುಂದಿನ ಚಕ್ರ ಉರುಳಲಿಲ್ಲ. ಮಡ್‌ಗಾರ್ಡಿನ ಕೆಳಗೆ ಮಣ್ಣು, ಹುಲ್ಲು, ಸಗಣಿ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು.

ಗಾಡಿಯನ್ನು ಎಳೆದುಕೊಂಡು ಬೇಲಿಯ ಆಚೆ ಹೋದೆ. ಒಂದು ಕಡ್ಡಿ ಹುಡುಕಿ ಆ ಮಣ್ಣನ್ನು ಕೆದರಿ ತೆಗೆದೆ, ಆಮೇಲೆ ಬೆರಳುಗಳಿಂದ. ಉಗುರು ಕಿತ್ತು ರಕ್ತ ಬಂತು. ಬೇಲಿಯ ಈಚೆ ಭಾಯ್ ನರಳುತ್ತ ಗಿರೀಶ ಎಲ್ಲಿ ಎಂದು ಕೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಗಾಡಿ ನೋಡುತ್ತಿದ್ದಾನೆ ಎಂದು ಡೋನಲ್ ಸಮಾಧಾನ ಹೇಳುತ್ತಿದ್ದ. ಚಕ್ರ ಸಲೀಸಾಗಿ ತಿರುಗುವವರೆಗೆ ನಾನು ಎದ್ದು ಬರಲಿಲ್ಲ.

ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಮಣಿಕಟ್ಟಿಗೆ ಪ್ಲೇಟ್ ಹಾಕಿದರು. ಮರುದಿನ ನಾನೂ ಭಾಭಿಯೂ ಅವರ ಬಟ್ಟೆಗಳ ಚೀಲವನ್ನು ಬಾಗಿಲಿನಲ್ಲಿ ಕೊಟ್ಟು ಕಾರ್ ಪಾರ್ಕಿನಲ್ಲಿ ನಿಂತಿದ್ದೆವು, ಅಂತರ ಕಾಯ್ದುಕೊಂಡು, ಅಲ್ಲಿ ಅವರು, ಇಲ್ಲಿ ನಾನು. ವಾರ್ಡಿನಿಂದ ಭಾಯ್ ಫೋನ್ ಬಂತು. ಭಾಭಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ದನಿ ಔಷಧದ ಮಂಪರಿನಲ್ಲಿ ತೇಲುತ್ತಿತ್ತು.

"ತಮ್ಮಾ, ಒಂದ್ ಮಾತ ಕೇಳ್ತೀನಿ, ಖರೇ ಹೇಳು. ಗಾಲಿ ಸಿಕ್ಕೊಂಡಿತ್ತೇನು? ನಮ್ಮ ಎರಿ ಮಣ್ಣಾಗ ಹಂಗ ಆಗತಿತ್ತು. ನಾ ಬ್ರೇಕ್ ಹಿಡದಿದ್ದು ನನಗ ನೆನಪಿಲ್ಲ."

ಅವರಿಗೆ ಗೊತ್ತಿತ್ತು. ಹುಟ್ಟೂರಿನ ಕಪ್ಪು ಮಣ್ಣು ಅವರಿಗೆ ಕಲಿಸಿತ್ತು. ನಾನು ಒಂದು ಮಾತು — ಹೌದು ಎಂಬ ಒಂದೇ ಮಾತು…

"ಇಲ್ಲ ಭಾಯ್, ಫ್ರೀಯಾಗೇ ತಿರುಗ್ತಿತ್ತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದ್ಬಿಟ್ರಿ ಅನ್ಸುತ್ತೆ."

"ಹೌದೇನು" ಎಂದರು. "ವಯಸ್ಸಾತು ಬಿಡಪಾ."

ಭಾಭಿ ನನ್ನೆದುರೇ ಕಣ್ಣೊರೆಸಿಕೊಂಡರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಗಂಡನನ್ನೇ ಬೈದರು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಗಾಡಿ ವಾಪಸ್ ಡೋನಲ್‌ನ ಶೆಡ್ಡಿಗೆ ಹೋಯಿತು. ಕೊಡುವ ಮುಂಚೆ ನಾನು ಸರಿಯಾದ ಅಳತೆಯ ಟೈರ್ ತರಿಸಿ ಸದ್ದಿಲ್ಲದೆ ಬದಲಾಯಿಸಿದೆ. ಬೇರೆ ಯಾರಾದರೂ ಬೀಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಗುರುತು ಉಳಿಯಬಾರದು ಎಂಬುದು ಉಳಿದರ್ಧ.

ಭಾಯ್ ಮೂಳೆ ಕೂಡಿಕೊಂಡಿತು. ಆದರೆ ಅವರು ಕಾರು ಓಡಿಸುವುದನ್ನೂ ಬಿಟ್ಟರು. ಮೊದಲು ನೋವು ಎಂದರು, ಆಮೇಲೆ ಕಣ್ಣು ಮಂಜು ಎಂದರು, ಕೊನೆಗೆ ಏನೂ ಹೇಳುತ್ತಿರಲಿಲ್ಲ. ಕೆಲಸಕ್ಕೆ ಬಸ್ಸಿನಲ್ಲಿ ಹೋಗುವರು. ಭಾಭಿ ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಅವರ ಪಕ್ಕ ಕೂತ ಭಾಯ್ ಎರಡೂ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಬಲ್ಬ್ ಬದಲಿಸಬೇಕಾದರೂ ನನಗೆ ಫೋನ್. ನಾನು ಹೋಗಿ ಬದಲಿಸುತ್ತಿದ್ದೆ, ಭಾಭಿ ಚಹಾ ಕೊಡುತ್ತಿದ್ದರು. ಎಷ್ಟು ಒಳ್ಳೆಯ ಹುಡುಗ — ಎಂದು ಅವರು ಬೇರೆಯವರಿಗೆ ಹೇಳುವುದನ್ನು ಕೇಳಿಯೂ ಆ ಚಹಾ ಕುಡಿದಿದ್ದೇನೆ.

ಈ ಸಲದ ಈದ್ ದಿನ ಊಟಕ್ಕೆ ಹೋಗಿದ್ದೆ. ಝೋಯಾಗೆ ಲರ್ನರ್ ಪರ್ಮಿಟ್ ಬಂದಿತ್ತು. ಅಪ್ಪನೇ ಪಕ್ಕದಲ್ಲಿ ಕೂತು ಕಲಿಸಬೇಕು ಎಂದು ಹಟ ಹಿಡಿದಳು. ಭಾಯ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮೀನ ಕರಕೊಂಡ ಹೋಗವಾ. ನನ್ನ ಕೈ ನಂಬಬ್ಯಾಡ" ಎಂದರು. ಹುಡುಗಿ ಊಟ ಬಿಟ್ಟು ಮಹಡಿಗೆ ಹೋದಳು. ಅವತ್ತೂ ನಾನು ಹೇಳಲಿಲ್ಲ. ಪಾಯಸವನ್ನೂ ಹಾಕಿಸಿಕೊಂಡು ತಿಂದು ಬಂದೆ.

ಹೇಳಿದ್ದು ಅದರ ಮುಂದಿನ ವಾರ. ಮೂವರೂ ಇರುವಾಗ, ಅವರ ಅಡುಗೆಮನೆಯಲ್ಲಿ, ನಿಂತುಕೊಂಡೇ. ದೊಡ್ಡ ಟೈರು, ಉಜ್ಜಿದ ಸದ್ದು, ಬೇಲಿಯ ಹಿಂದೆ ಕೆದರಿದ ಮಣ್ಣು, ಫೋನಿನಲ್ಲಿ ಹೇಳಿದ ಮಾತು, ಎಲ್ಲವನ್ನೂ. ಭಾಭಿ ಸ್ಟವ್ ಆರಿಸಿದರು, ಒಳಗೆ ಹೋಗಿಬಿಟ್ಟರು. ಝೋಯಾ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: ಇಷ್ಟು ವರ್ಷ ಅಪ್ಪ ಹಾಗೆ ಅಂದುಕೊಂಡೇ ಇರಲಿ ಎಂದು ಬಿಟ್ಟಿರಾ? ಹೌದು ಎಂದೆ.

ಭಾಯ್ ಬಹಳ ಹೊತ್ತು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದರು.

"ಟೈರಿನ ಮಾತ ಬಿಡು, ತಪ್ಪು ಯಾರಿಗೂ ಆಗ್ತದ" ಎಂದರು. "ನಾ ಅಲ್ಲಿ ಬಿದ್ದು ನಿನ್ನ ಹೆಸರ ಕೂಗಾಕತ್ತಿದ್ದೆ. ನೀ ಮಣ್ಣ ತಗೀತಿದ್ದಿ?"

ಭಾಯ್ ಕೈಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡರು.

"ಈಗ ನೀ ಹೋಗು. ನಾನ ಫೋನ್ ಮಾಡ್ತೀನಿ" ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು, ಬಹುಶಃ ಅದಕ್ಕೇ ಏರಲಿಲ್ಲ.

ಅವರು ಫೋನ್ ಮಾಡಿಲ್ಲ. ಮೊನ್ನೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವರ ಕಾರು ಎದುರಿನ ಸಿಗ್ನಲ್‌ನಲ್ಲಿ ಬಂದು ನಿಂತಿತು. ಹಿಂದೆ ಎಲ್ ಬೋರ್ಡ್. ಸ್ಟಿಯರಿಂಗ್ ಹಿಡಿದು ಝೋಯಾ ಕೂತಿದ್ದಳು, ಪಕ್ಕದಲ್ಲಿ ಭಾಯ್. ಅವರು ಕಿಟಕಿಯಿಂದ ನನ್ನನ್ನು ನೋಡಿದರು. ಕೈ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಸಿರು ದೀಪ ಬಂದಾಗ ಮಗಳ ಕಡೆ ತಿರುಗಿ ಏನೋ ಹೇಳಿ ಗೇರಿನ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು. ಕಾರು ಒಮ್ಮೆ ಮುಗ್ಗರಿಸಿ, ಸಾವರಿಸಿಕೊಂಡು ಹೊರಟುಹೋಯಿತು.

ಅವರ ಫೋನಿಗೆ ಕಾಯುತ್ತಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಕಾಯುತ್ತಿದ್ದೇನೆ. ಬರದೇ ಹೋದರೆ, ಯಾಕೆ ಬರಲಿಲ್ಲ ಎಂದು ನಾನು ಯಾರನ್ನೂ ಕೇಳುವುದಿಲ್ಲ.